ಮೇಲಿನ ಷಡ್ಜ ಮತ್ತು ಗೌರವದ ಕುರ್ಚಿ

ಸಭೆಗಳಲ್ಲಿ ಗೌರವದ ಕುರ್ಚಿಯನ್ನು ಕಣ್ಣಳತೆಯಿಂದ ಹಾಕುತ್ತಾರೆ. ಅಲ್ಲಿ ಕೂತವರಿಗೆ ಏನು ಕೇಳಿಸೀತು ಎಂದು ಯಾರೂ ಯೋಚಿಸುವುದಿಲ್ಲ. ಇದು ನನಗೆ ತಿಳಿದದ್ದು ಬನಹಟ್ಟಿಯಲ್ಲಿ, ನಾವಿನ್ನೂ ಮುಂಬಯಿ ರಾಜ್ಯದವರಾಗಿದ್ದ ಕಾಲದಲ್ಲಿ.

ಅಪ್ಪ ಜಮಖಂಡಿಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ವಯಸ್ಸಾದಂತೆ ತಮ್ಮ ಕಿವಿಯ ಮೇಲೆ ಅವರಿಗೇ ಸಂಶಯ ಶುರುವಾಯಿತು. ಅಡುಗೆಮನೆಯಿಂದ ಅವ್ವ ಕರೆದದ್ದು ಕೇಳಿಸುತ್ತಿರಲಿಲ್ಲ. ಮದುವೆಯಾದಾಗಿನಿಂದಲೂ ಕೇಳಿಸಿಲ್ಲ ಎನ್ನುವುದು ಅವ್ವನ ವಾದ. ಅಪ್ಪ ಮಾತ್ರ, "ಸ್ವರ ತಪ್ಪಿದ್ದು ತಿಳೀಲಿಲ್ಲಂದ್ರ ಯಾಕ ಕಲಸಬೇಕು?" ಎಂದು ಪಾಠ ನಿಲ್ಲಿಸುವ ಮಾತಾಡತೊಡಗಿದರು.

ಅಷ್ಟರಲ್ಲಿ ಬನಹಟ್ಟಿಯ ನೇಕಾರರು ತಮ್ಮ ಸಮಾರಂಭದಲ್ಲಿ ಹಾಡಲು ನನ್ನ ತಂಗಿ ಕಮಲಿಯನ್ನು ಕರೆದರು. ಸಭೆಯಲ್ಲಿ ಅದು ಅವಳ ಮೊದಲ ಹಾಡು. ವೇದಿಕೆಯ ಎರಡೂ ಬದಿಗೆ ಕಂಬ ನೆಟ್ಟು ತುತ್ತೂರಿಯಂಥ ಸ್ಪೀಕರುಗಳನ್ನು ಕಟ್ಟಿದ್ದರು. ವೇದಿಕೆಯ ಎದುರು ನಟ್ಟನಡುವಿನ ಕುರ್ಚಿ ಅಧ್ಯಕ್ಷರಿಗೆ. ಅವರಿಂದ ತುಸು ಬದಿಗೆ ಅಪ್ಪನಿಗೆ ಗೌರವದ ಕುರ್ಚಿ. ನಾನು ಆಚೆಗೆ ನಿಂತಿದ್ದೆ.

ಕಮಲಿ ಚೆನ್ನಾಗಿಯೇ ಹಾಡುತ್ತಿದ್ದಳು. ಮೇಲಿನ ಷಡ್ಜಕ್ಕೆ ಏರಿ, ಅಲ್ಲೇ ನಿಂತಳು. ಜನ ತಲೆದೂಗಿದರು. ಅಪ್ಪನ ಮುಖ ಬಾಡಿತು. ಅವರು ಎದ್ದು ನನ್ನ ಕಡೆ ಬಂದು, "ಮುಗೀತಪ್ಪಾ ನನ್ನ ಕಿವಿ. ಆಕಿ ಬಾಯಿ ತೆರದದ್ದು ಕಾಣತೈತಿ, ಸಾ ಮಾತ್ರ ಕೇಳಸವಲ್ದು" ಎಂದರು. ಅಷ್ಟರಲ್ಲಿ ಕಮಲಿ ಅದೇ ಸಾಲನ್ನು ಮತ್ತೆ ಎತ್ತಿಕೊಂಡು ಷಡ್ಜ ಹಿಡಿದಳು. ಅಪ್ಪ ಬೆಚ್ಚಿ ನಿಂತರು.

"ಈಗ ಕೇಳಸ್ತಲ್ಲ?"

ಕಮಲಿ ಮತ್ತೆ ಮತ್ತೆ ಷಡ್ಜಕ್ಕೆ ಬರುತ್ತಿದ್ದಳು. ಅಪ್ಪ ಹೋಗಿ ಕುಳಿತರು, ಸ್ವರ ಇಲ್ಲ. ಎದ್ದು ಬಂದರು, ಇದೆ. ಕೊನೆಗೆ ನನ್ನ ರಟ್ಟೆ ಹಿಡಿದು ಗೌರವದ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದರು. ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. ಕಮಲಿಯ ಷಡ್ಜ ನನಗೂ ಸೊರಗಿ ಸೊರಗಿ, ಇದೆಯೋ ಇಲ್ಲವೋ ಎಂಬಂತಾಯಿತು.

"ನಿನಗೂ ಇಲ್ಲೇನು?" ಅಪ್ಪನ ಮುಖ ಅರಳಿತು.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಬಾವಿಗೆ ಎರಡು ಕಲ್ಲು ಎಸೆದರೆ ಎರಡರ ಅಲೆಗಳೂ ಹರಡಿ ಒಂದನ್ನೊಂದು ಹಾಯುತ್ತವೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರಿದ ಕಡೆ ನೀರು ಸುಮ್ಮನಿರುತ್ತದೆ. ಎರಡು ಸ್ಪೀಕರುಗಳಿಂದ ಬರುವ ಒಂದೇ ಸ್ವರವೂ ಹಾಗೆಯೇ. ಕೆಲವು ಕಡೆ ಕೂಡಿ ದೊಡ್ಡದಾಗುತ್ತದೆ, ಕೆಲವು ಕಡೆ ತನ್ನನ್ನೇ ಅಳಿಸಿಕೊಳ್ಳುತ್ತದೆ. ಇದನ್ನು ವರ್ಷ ವರ್ಷ ಬೋರ್ಡಿನ ಮೇಲೆ ಬಿಡಿಸುತ್ತಿದ್ದ ನಾನು ಆ ಸಂಜೆ ಮೊದಲು ಯೋಚಿಸಿದ್ದು ಮಾತ್ರ ಮಿರಜಿನ ಕಿವಿ ಡಾಕ್ಟರ ಬಗ್ಗೆ.

ಅಪ್ಪನಿಗೆ ವಿವರಿಸಿದೆ. ಅವರು ಅಲೆಯ ಮಾತನ್ನು ಎಷ್ಟು ನಂಬಿದರೋ ಕಾಣೆ. ಉಳಿದ ಹಾಡನ್ನು ನಿಂತೇ ಕೇಳಿದರು.

ಮರುದಿನ ಬೆಳಿಗ್ಗೆ ಜಮಖಂಡಿಗೆ ಹೊರಟ ಚಕ್ಕಡಿಯಲ್ಲಿ ಕಮಲಿ ಬಾಡಿದ ಮುಖ ಮಾಡಿ ಕೂತಿದ್ದಳು. ಅಪ್ಪ ಎದ್ದದ್ದನ್ನು ಅವಳು ವೇದಿಕೆಯಿಂದ ಕಂಡಿದ್ದಳು. ನಾನೆಷ್ಟು ಹೇಳಿದರೂ ಅವರ ಕಿವಿ ಹೋಯಿತೆಂದೇ ಹೆದರಿದ್ದಳು. ಕಬ್ಬಿನ ಹೊಲಗಳ ನಡುವೆ ಅಪ್ಪ, "ಕಮಲಿ, ನಿನ್ನಿ ಸಾಲು ಇನ್ನೊಮ್ಮೆ ಹಾಡು" ಎಂದರು.

ಅವಳು ಮೆಲ್ಲಗೆ ಹಾಡಿ ಷಡ್ಜಕ್ಕೆ ಬಂದು ನಿಂತಳು. ಅಪ್ಪ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು.

"ಒಂದು ಕೂದಲೆಳಿಯಷ್ಟು ಇಳದೈತಿ. ನಿನ್ನಿನೂ ಇಳದಿತ್ತು. ನಾಳೆ ಮುಂಜಾನಿ ತಂಬೂರಿ ತಗೊಂಡು ಕುಂದ್ರು."

ಕಮಲಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ತಪ್ಪು ಹಿಡಿಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ನೋಡಿಲ್ಲ.