ತಾನೇ ಹೊಲಿದ ಕುಣಿಕೆ

ಆ ಕಡಲತೀರದಲ್ಲಿ ದೊಡ್ಡ ಗಾಳಿಪಟ ಹಿಡಿದು, ಹಲಗೆಯ ಮೇಲೆ ನಿಂತು ಅಲೆಗಳ ಮೇಲೆ ಓಡುವವರೆಲ್ಲ ಆಕೆಯನ್ನು ಹೊಲಿಗೆ ಅಕ್ಕ ಎನ್ನುತ್ತಿದ್ದರು. ಆಕೆಗಿಂತ ಐದು ವರ್ಷ ದೊಡ್ಡವನಾದ ಹಲ್ಲಿನ ಡಾಕ್ಟರಿಗೂ ಅಕ್ಕನೇ. ಮೊದಲು ಲಾರಿ ಟಾರ್ಪಾಲು ಹೊಲಿಯುವ ಶೆಡ್ಡಿನಲ್ಲಿ ಹದಿನೆಂಟು ವರ್ಷ ಸೂಜಿ ಹಿಡಿದವಳು. ಒಂದು ದಿನ ಯಾರೋ ಹರಿದ ಪಟವನ್ನು ಮೇಜಿನ ಮೇಲೆ ಹಾಕಿ, "ಇದು ಆಗುತ್ತಾ ನೋಡಿ" ಅಂದರು. ಆಯಿತು. ಆಮೇಲೆ ಟಾರ್ಪಾಲು ತಾನಾಗಿ ಹಿಂದೆ ಸರಿಯಿತು. ನಲವತ್ತೆರಡನೆಯ ವಯಸ್ಸಿನಲ್ಲಿ ಆಟವನ್ನೂ ಕಲಿತಳು. "ಏನು ರಿಪೇರಿ ಮಾಡ್ತಿದೀನಿ ಅಂತ ನಂಗೂ ಗೊತ್ತಾಗ್ಬೇಕಲ್ಲ" ಎಂದು ಗಂಡನಿಗೆ ಹೇಳಿದ್ದಳು. ನಿಜವೆಂದರೆ, ನೀರಿನ ಮೇಲಿದ್ದಾಗ ಯಾರೂ ಬಂದು ಇದನ್ನೊಂದು ಬೇಗ ಹೊಲಿದುಕೊಡು ಎನ್ನುತ್ತಿರಲಿಲ್ಲ.

ಆ ವರ್ಷ ಗಾಳಿ ಬಿಡುವೇ ಕೊಡಲಿಲ್ಲ. ಗಾಳಿ ಜೋರಾದಷ್ಟೂ ಪಟ ಹರಿಯುತ್ತದೆ, ಪಟ ಹರಿದಷ್ಟೂ ಆಕೆಯ ಬೆನ್ನು ಬಾಗುತ್ತದೆ. ಶೆಡ್ಡಿನ ಮೂಲೆಯಲ್ಲಿ ಪಟಗಳು ಒಗೆಯಬೇಕಾದ ಬಟ್ಟೆಯ ಹಾಗೆ ರಾಶಿ ಬಿದ್ದಿದ್ದವು. ಬಲಗೈಯ ಎರಡು ಬೆರಳು ಬೆಳಗ್ಗೆ ಎದ್ದಾಗ ಮಡಚುತ್ತಿರಲಿಲ್ಲ. ಬಸ್ಸು ಓಡಿಸಿ ನಿವೃತ್ತನಾದ ಗಂಡ ಬಿಸಿನೀರಿನ ಬಟ್ಟಲು ತಂದಿಟ್ಟು ಪಕ್ಕದಲ್ಲಿ ಕೂರುತ್ತಿದ್ದ. ನಿಲ್ಲಿಸು ಅಂತ ಹೇಳಿದರೆ ನಿಲ್ಲಿಸುವವಳಲ್ಲ ಎಂದು ಅವನಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಮೆಷೀನು ಆರಿಸಿ, ತನ್ನದೇ ಪಟ ಎತ್ತಿಕೊಂಡು ತೀರಕ್ಕೆ ಹೋದಳು. ನೀರಿಗಿಳಿಯುವ ಮುಂಚೆ ನಾಲ್ಕೂ ದಾರಗಳನ್ನು ಎಳೆದು ನೋಡಬೇಕು, ಅಪಾಯ ಬಂದರೆ ಪಟದ ಎಳೆತದಿಂದ ಬಿಡಿಸಿಕೊಳ್ಳಲು ಸೊಂಟದ ಹತ್ತಿರ ಇರುವ ಕೆಂಪು ಹಿಡಿಯನ್ನು ಒಂದು ಸಲ ತಳ್ಳಿ ಪರೀಕ್ಷಿಸಬೇಕು. ಇದನ್ನು ಆಕೆ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಳೋ ಲೆಕ್ಕವಿಲ್ಲ. ಅವತ್ತು ತಾನು ಮಾಡಲಿಲ್ಲ. ಮರೆತಳು ಅನ್ನುವ ಹಾಗೂ ಇಲ್ಲ. ಬಗ್ಗಿ ನೋಡುವಷ್ಟು ಮೈಯಲ್ಲಿ ಇರಲಿಲ್ಲ, ಅಷ್ಟೇ.

ದಂಡೆಯಿಂದ ಮುನ್ನೂರು ಅಡಿ ದೂರದಲ್ಲಿ ಎಡಗಡೆಯ ದಾರ ಕಿತ್ತುಹೋಯಿತು. ಒಂದೇ ಕಡೆ ಎಳೆತ ಉಳಿದ ಪಟ ಬುಗುರಿಯ ಹಾಗೆ ಗಿರಗಿರ ಸುತ್ತತೊಡಗಿತು. ಒಂದೊಂದು ಸುತ್ತಿಗೂ ಆಕೆಯನ್ನು ನೀರಿನಿಂದ ಎತ್ತಿ ಮುಂದಕ್ಕೆ ಒಗೆಯಿತು. ಹಲಗೆ ಕಾಲಿನಿಂದ ಕಳಚಿತು. ಕೆಂಪು ಹಿಡಿಯನ್ನು ತಳ್ಳಿದಳು. ಅಲುಗಲಿಲ್ಲ. ಒಳಗೆ ಮರಳು, ಉಪ್ಪು ಸೇರಿ ಗಟ್ಟಿಯಾಗಿತ್ತು.

"ಎರಡೂ ಕೈ ಹಾಕು ಅಕ್ಕಾ" ಎಂದು ಕೂಗುತ್ತ ಡಾಕ್ಟರು ಹತ್ತಿರ ಬಂದ. "ಎದೆಗೊತ್ತಿ ಹಿಡ್ಕೊಂಡು ತಳ್ಳು."

ಎರಡೂ ಕೈ ಹಾಕಿ ತಳ್ಳಿದಳು. ಮಡಚದ ಬೆರಳುಗಳೂ ಮಡಚಿದವು. ಹಿಡಿ ಕಳಚಿ, ಪಟ ಸೋತು ನೀರಿಗೆ ಬಿತ್ತು. ಆದರೆ ಸಡಿಲವಾದ ದಾರಗಳು ಆಕೆಯ ಎಡಗಾಲಿಗೆ ಮೂರು ಸುತ್ತು ಸುತ್ತಿಕೊಂಡವು. ಪಟಕ್ಕೆ ಮತ್ತೆ ಗಾಳಿ ಹಿಡಿದರೆ ಅವು ಮಾಂಸವನ್ನೇ ಸೀಳುತ್ತವೆ.

ಅಷ್ಟರಲ್ಲಿ ಉದ್ದಣ್ಣ ಬಂದ. ಅಂಚೆ ಹಂಚುವವನು, ಆಳು ತೆಳ್ಳಗೆ ಉದ್ದ. ತನ್ನ ಹಲಗೆಯನ್ನು ಅಲ್ಲೇ ಬಿಟ್ಟು, ಒಂದು ಕೈಯಲ್ಲಿ ತನ್ನ ಪಟವನ್ನು ತಲೆಯ ನೇರಕ್ಕೆ ನಿಲ್ಲಿಸಿಕೊಂಡು, ಇನ್ನೊಂದು ಕೈಯಿಂದ ದಾರ ಬಿಡಿಸತೊಡಗಿದ.

"ಕಾಲಾಡಿಸ್ಬೇಡ."

"ಆಡಿಸ್ತಿಲ್ಲ ಕಣೋ, ನಡುಗ್ತಿದೆ."

"ನಡುಗ್ಲಿ ಬಿಡು. ಒದೀಬೇಡ ಅಷ್ಟೇ."

ಕಾಲು ಬಿಡುಗಡೆಯಾದ ಮೇಲೆ, ಪಟವನ್ನು ಆಕೆಯ ಸೊಂಟಕ್ಕೆ ಇನ್ನೂ ಹಿಡಿದಿದ್ದ ಕೊನೆಯ ಕೊಂಡಿ ಬಿಚ್ಚಿ ಪಟವನ್ನು ಕಡಲಿಗೆ ಬಿಟ್ಟುಕೊಟ್ಟರು. ಆಕೆ ಉದ್ದಣ್ಣನ ಸೊಂಟಪಟ್ಟಿ ಹಿಡಿದುಕೊಂಡಳು. ಅವನ ಪಟ ಇಬ್ಬರನ್ನೂ ದಂಡೆಗೆ ಎಳೆಯಿತು. ಡಾಕ್ಟರು ಎರಡು ಹಲಗೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಬಂದ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಆಕೆಗೆ ಅನ್ನಿಸಿತು.

ರಾತ್ರಿ ಅಲೆಗಳು ಪಟವನ್ನು ದಂಡೆಗೆ ತಂದೊಗೆದಿದ್ದವು. ಮರುದಿನ ಅದರ ಕಿತ್ತ ದಾರವನ್ನು ದೀಪದ ಕೆಳಗೆ ಇಟ್ಟು ನೋಡಿದಳು. ದಾರ ಸರಿಯಾಗಿಯೇ ಇತ್ತು. ಬಿಟ್ಟುಕೊಂಡದ್ದು ಅದರ ತುದಿಯನ್ನು ಮಡಚಿ ಮಾಡಿದ ಕುಣಿಕೆ, ತಾನೇ ಹೊಲಿದದ್ದು. ಹೊಲಿಗೆ ನೂಲು ಉಗುರಿಗೆ ತಾಗಿದರೆ ಪುಡಿಯಾಗುತ್ತಿತ್ತು. ಆ ರೀಲು ಬೇಸಿಗೆಯೆಲ್ಲ ಕಿಟಕಿಯ ಬಿಸಿಲಲ್ಲಿ ಕೂತಿತ್ತು. ಬೆರಳೆಣಿಸುತ್ತ ನೆನಪು ಮಾಡಿಕೊಂಡಳು. ಅದೇ ನೂಲಿನಿಂದ ಇನ್ನೂ ಹನ್ನೊಂದು ಜನರ ದಾರ ಹೊಲಿದಿದ್ದಳು.

ಹನ್ನೊಂದು ಜನಕ್ಕೂ ಫೋನು ಮಾಡಿದಳು. "ನನ್ನ ಹೊಲಿಗೆ ಕೆಟ್ಟಿದೆ. ನೀರಿಗಿಳೀಬೇಡಿ, ವಾಪಸ್ ತನ್ನಿ." ಅಷ್ಟೇ ಮಾತು, ಹನ್ನೊಂದು ಸಲ. ಹತ್ತು ಜನ ತಂದರು. ಎರಡು ದಾರಗಳು ಕೈಯಲ್ಲಿ ಹಿಡಿದೆಳೆದಾಗಲೇ ಬಿಟ್ಟುಕೊಂಡವು. ಅದರಲ್ಲೊಂದು ಡಾಕ್ಟರದ್ದು. ಅವನು ಹರಿದ ನೂಲಿನ ಚೂರನ್ನು ತಿರುಗಿಸಿ ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡು ಹೋದ.

ಹನ್ನೊಂದನೆಯವನು ಕಾರು ಕಲಿಸುವ ಮೇಷ್ಟ್ರು. "ನಂದು ಚೆನ್ನಾಗೇ ಇದೆಯಮ್ಮ. ರಜೆ ಇರೋದೇ ಎರಡು ದಿನ" ಎಂದು ಫೋನಿಟ್ಟ. ಆಕೆ ಅವನ ಮನೆಗೇ ಹೋದಳು. ಲಿಫ್ಟು ಕೆಟ್ಟಿತ್ತು. ದಾರ ಕೊಯ್ದಿದ್ದಕ್ಕೆ ಬ್ಯಾಂಡೇಜು ಸುತ್ತಿದ ಕಾಲಲ್ಲಿ ನಾಲ್ಕು ಮಹಡಿ ಹತ್ತಿದಳು. ಪ್ರತಿ ಮಹಡಿಯಲ್ಲೂ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಂಡಳು.

"ತೋರ್ಸಿ, ಒಂದ್ಸಲ ನೋಡ್ತೀನಿ" ಎಂದಳು. ಅವನು ಗೊಣಗುತ್ತ ದಾರಗಳನ್ನು ತಂದ. ಆಕೆ ತಾನು ಹೊಲಿದ ಕುಣಿಕೆ ಹುಡುಕಿ, ಚೀಲದಿಂದ ಕತ್ತರಿ ತೆಗೆದು ಕಚಕ್ಕನೆ ಕತ್ತರಿಸಿದಳು.

ಮೇಷ್ಟ್ರು ತುಂಡಾದ ದಾರವನ್ನು ಕೈಗೆತ್ತಿಕೊಂಡ. "ಏನಮ್ಮ ಇದು, ಹೇಳ್ದೆ ಕೇಳ್ದೆ."

"ಹೇಳಿದ್ನಲ್ಲ, ಫೋನಲ್ಲಿ. ನಾಳೆ ಸಂಜೆ ಒಳಗೆ ಹೊಲಿದುಕೊಡ್ತೀನಿ. ಈಗೊಂದು ಲೋಟ ನೀರು ಕೊಡಿ."

ನೀರು ಕೊಟ್ಟ. ಮುಖ ಗಂಟು ಹಾಕಿಕೊಂಡೇ ಕೆಳಗಿನವರೆಗೂ ಕೈಹಿಡಿದು ಇಳಿಸಿದ. ಅವನ ಕುಣಿಕೆಯ ಹೊಲಿಗೆ ಗಟ್ಟಿಯಾಗಿತ್ತೋ ಕೆಟ್ಟಿತ್ತೋ, ಕತ್ತರಿಸಿದ ಮೇಲೆ ತಿಳಿಯುವ ದಾರಿ ಉಳಿಯಲಿಲ್ಲ. ಕತ್ತರಿಸುವ ಮುಂಚೆ ಆಕೆಯೂ ಎಳೆದು ನೋಡಿರಲಿಲ್ಲ.

ಆಮೇಲೆ ತೀರದಲ್ಲಿ ಒಂದು ಮಾತಾಯಿತು. ಯಾರೂ ತಮ್ಮ ಸಾಮಾನನ್ನು ತಾವೇ ನೋಡಿಕೊಂಡು ಇಳಿಯುವಂತಿಲ್ಲ, ಇನ್ನೊಬ್ಬರು ನೋಡಬೇಕು. ಆಕೆಯದನ್ನು ನೋಡುವ ಕೆಲಸ ಮೇಷ್ಟ್ರು ಕೇಳಿ ಪಡೆದುಕೊಂಡ. ಲೈಸೆನ್ಸಿನ ಪರೀಕ್ಷೆಗೆ ನಿಲ್ಲಿಸಿದ ಹಾಗೆ ನಿಲ್ಲಿಸಿ, ದಾರ ಎಳೆದು, ಕೆಂಪು ಹಿಡಿ ತಳ್ಳಿಸಿ, "ಇನ್ನೊಂದ್ಸಲ" ಅನ್ನುತ್ತಿದ್ದ. ಆಕೆ ತಳ್ಳುತ್ತಿದ್ದಳು.

ಆದರೂ ಆ ಋತು ಮುಗಿಯುವವರೆಗೆ ನೀರಿಗಿಳಿದದ್ದು ಮೂರೇ ಸಲ. "ಭಯಾನಾ?" ಎಂದು ಗಂಡ ಕೇಳಿದ.

"ಭಯ ಏನಿಲ್ಲ. ಸುಸ್ತು."

ಅವನು ಎದ್ದು ಹೋಗಿ ಶೆಡ್ಡಿನ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದ. ಭಾನುವಾರ, ಬುಧವಾರ ರಜೆ ಎಂದು ಬಸ್ಸಿನ ಬೋರ್ಡಿನಂಥ ದಪ್ಪ ಅಕ್ಷರದಲ್ಲಿ ಬರೆದಿದ್ದ. ಆಕೆ ಓದಿ ನೋಡಿದಳು. ತೆಗೆಯಲಿಲ್ಲ.