ಹೆಸರು ಮುಚ್ಚುವ ಅಕ್ಕ

ಬೆಳಗಿನ ಆರೂಕಾಲು. ಸಂಶೋಧನಾ ಪತ್ರಿಕೆಯೊಂದರ ಎರಡನೇ ಮಹಡಿಯ ಕಚೇರಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಕಚೇರಿ ಸಹಾಯಕಿ ಪ್ರಬಂಧವೊಂದರಿಂದ ಲೇಖಕರ ಹೆಸರು, ಕಾಲೇಜು, ಊರು ತೆಗೆಯುತ್ತಿದ್ದಾರೆ. ಬರೆದವರು ಯಾರೆಂದು ಪರಿಶೀಲಿಸುವ ವಿದ್ವಾಂಸರಿಗೆ ತಿಳಿಯಬಾರದು. ಬಳಿಕ ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತಾರೆ. "ಮೊದಲಿಂದ ಓದಿದ್ರೆ ವಿಷಯದೊಳಗೆ ಮುಳುಗಿಬಿಡ್ತೀನಿ. ಹೆಸರು ಕಣ್ತಪ್ಪಿ ಹೋಗುತ್ತೆ."

ಹತ್ತೊಂಬತ್ತು ವರ್ಷಗಳ ಕೆಲಸವಿದು. ಕಳೆದ ವರ್ಷ ಬಂದವು 312 ಪ್ರಬಂಧ, ಅಚ್ಚಾದವು 38. ಎಲ್ಲರಿಗೂ ಅವರು 'ಅಕ್ಕ'.

"ಮದುವೆ ಕಾಗದದಲ್ಲೂ ಭಾವನ ಹೆಸರು ಅಳಿಸಿಬಿಟ್ಟಿದ್ರಾ ಅಕ್ಕಾ?" ಎಂದು ಕರಡು ತಿದ್ದುವವರು ಕೆಣಕುತ್ತಾರೆ.

"ಅಳಿಸಿದ್ರೆ ಚೆನ್ನಾಗಿರ್ತಿತ್ತು."

ಹಿಂದಿನಿಂದ ಓದುವ ಅಭ್ಯಾಸ ಒಂದು ತಪ್ಪಿನಿಂದ ಬಂದದ್ದು. ಏಳು ವರ್ಷದ ಹಿಂದೆ ಆಸ್ಪತ್ರೆಯ ಬಟ್ಟೆ ಒಗೆಯುವ ಮಹಿಳೆಯೊಬ್ಬರು ಪ್ರಬಂಧ ಕಳಿಸಿದ್ದರು. ಸೋಪಿನ ಪುಡಿಯಿಂದ ಸುಟ್ಟ 214 ಜೋಡಿ ಕೈಗಳನ್ನು ನಾಲ್ಕು ವರ್ಷ ಗಮನಿಸಿ ಬರೆದದ್ದು. ಅಕ್ಕ ಹೆಸರು ತೆಗೆದರು. ಕೊನೆಯಲ್ಲಿದ್ದ ಕೃತಜ್ಞತೆಯ ಸಾಲು ಉಳಿಯಿತು: 'ನಾನು ಬರೆಯುವಾಗ ನನ್ನ ಪಾಲಿನ ಬಟ್ಟೆಯನ್ನೂ ಒಗೆದ ಗೆಳತಿಯರಿಗೆ.' ಬರೆದವರು ಬಟ್ಟೆ ಒಗೆಯುವವರೆಂದು ಪರಿಶೀಲಕರಿಗೆ ಅದರಿಂದ ತಿಳಿದುಹೋಯಿತು. ಎರಡೇ ದಿನದಲ್ಲಿ ಅವರು ಪ್ರಬಂಧ ತಿರಸ್ಕರಿಸಿದರು: 'ಲೇಖಕಿಗೆ ತರಬೇತಿ ಇದ್ದಂತಿಲ್ಲ.' ಕೈಗಳ ಬಗ್ಗೆ ಒಂದು ಮಾತೂ ಇರಲಿಲ್ಲ.

ಅಕ್ಕ ಸಂಪಾದಕರ ಕೋಣೆಗೆ ಹೋದರು. "ತಪ್ಪು ನಂದು ಸರ್. ಬೇರೆಯವರಿಗೆ ಕಳಿಸಿ."

"ಹಾಗೆ ಕಳಿಸೋಕೆ ನಿಯಮ ಇಲ್ಲಮ್ಮ."

"ನನ್ನ ತಪ್ಪಿಗೆ ಅವರು ಫೇಲಾಗ್ಬೇಕು ಅಂತ ನಿಯಮ ಇದೆಯಾ ಸರ್?"

ಸಂಪಾದಕರು ಕನ್ನಡಕ ತೆಗೆದಿಟ್ಟು ಪರಿಶೀಲಕರ ಪಟ್ಟಿ ತರಿಸಿಕೊಂಡರಂತೆ. ಪ್ರಬಂಧ ಕೃತಜ್ಞತೆಯ ಸಾಲಿಲ್ಲದೆ ಬೇರೆ ಇಬ್ಬರಿಗೆ ಹೋಯಿತು. ಇಬ್ಬರೂ ಸಣ್ಣ ತಿದ್ದುಪಡಿ ಸೂಚಿಸಿ ಒಪ್ಪಿದರು. ಅದನ್ನು ಬರೆದ ಮಹಿಳೆ ಇಂದು ಇದೇ ಪತ್ರಿಕೆಯ ಪರಿಶೀಲಕರ ಪಟ್ಟಿಯಲ್ಲಿದ್ದಾರೆ. ಅಕ್ಕ ಹೆಸರು ಮುಚ್ಚಿ ಕಳಿಸಿದ ಪ್ರೊಫೆಸರರ ಪ್ರಬಂಧಗಳನ್ನೂ ಓದಿ ತೀರ್ಪು ಕೊಡುತ್ತಾರೆ. ಇಷ್ಟನ್ನು ಸಾಧ್ಯವಾಗಿಸಿದ ಅಕ್ಕನಿಗೆ ಪದವಿಯಿಲ್ಲ. ಪತ್ರಿಕೆಯ ಯಾವ ಪುಟದಲ್ಲೂ ಅವರ ಹೆಸರಿಲ್ಲ.

ಏಳೂವರೆಗೆ ಅವರು ಇನ್ನೊಂದು ಕಡತ ತೆರೆಯುತ್ತಾರೆ. ಸ್ವೀಕೃತವಾದ ಪ್ರಬಂಧಗಳಿಗೆ ಹೆಸರು, ಊರು, ಕೃತಜ್ಞತೆ ಮತ್ತೆ ಸೇರಿಸುವ ಹೊತ್ತು. ಬೆರಳಿಟ್ಟು ಅಕ್ಷರ ಅಕ್ಷರ ಹೋಲಿಸುತ್ತಾರೆ.

"ತೆಗೆಯೋದು ಯಾರಿಗಾದ್ರೂ ಬರುತ್ತೆ. ಆ ಗೆಳತಿಯರ ಸಾಲನ್ನ ಅವತ್ತು ಅಚ್ಚಾಗೋವಾಗ ಮೊದಲಿದ್ದ ಜಾಗಕ್ಕೇ ವಾಪಸ್ ಇಟ್ಟಿದ್ದೀನಿ, ನೋಡಿ. ಒಂದಕ್ಷರ ಬಿಟ್ಟಿಲ್ಲ."