ಉಮ್ಮೆ ಕುಲ್ಸುಮಳ ನೆಗೆಟಿವ್

ಸೌದಿಯ ಹೊಫೂಫಿನ ಪೇಟೆಯಲ್ಲಿ ಮಂಗಳೂರಿನ ವಾಲ್ಟರನ ಸ್ಟುಡಿಯೋ ಎಂದರೆ ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಿ ಕೊಡುವ ಅಂಗಡಿ. ಮಾಡುತ್ತಿದ್ದವಳು ಅವನ ಹೆಂಡತಿ ಮಾಗ್ದಲಿನ್. ಪರದೆಯ ಹಿಂದೆ ಹೆಂಗಸರ ಫೋಟೋ ತೆಗೆಯುವವಳೂ ಅವಳೇ. ನೆಗೆಟಿವ್ ಮೇಲೆ ಮೊನಚು ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಮೊಡವೆ, ಮಚ್ಚೆ, ಮೈಬಣ್ಣ ಎಲ್ಲ ಹೋಗುತ್ತದೆ. ಗಂಡಸರ ಪುಣ್ಯ ನೋಡಿ, ಕೂತಲ್ಲಿಗೇ ಹೆಸರು ಬರುತ್ತದೆ.

೧೯೮೪ರ ಒಂದು ಬೆಳಿಗ್ಗೆ ಉಮ್ಮೆ ಕುಲ್ಸುಮ್ ಬಂದಳು. ಮದುವೆಮನೆಗಳಲ್ಲಿ ಹೆಂಗಸರ ನಡುವೆ ದಫ್ ಬಾರಿಸಿ ಹಾಡುವ ಕರಿಯ ಹೆಂಗಸು. ಅವಳ ಅಜ್ಜಿಯನ್ನು ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದ್ದರು. ಪರದೆಯ ಹಿಂದೆ ಕುಲ್ಸುಮ್ ಮುಸುಕು ತೆಗೆದಳು. ಎಡಗಣ್ಣು ಮುಚ್ಚಿಹೋಗಿತ್ತು. ಕೆನ್ನೆ ಸೀಳಿ ರಕ್ತ ಹೆಪ್ಪುಗಟ್ಟಿತ್ತು. ಗಂಡ ಕಬ್ಬಿಣದ ಸರಳಿನಲ್ಲಿ ಬಾರಿಸಿದ್ದ.

"ನನ್ನಣ್ಣ ದೂರದ ಹಫ್ರ್ ಅಲ್ ಬಾತಿನ್ ಊರಿನಿಂದ ಬರುವುದು ಮುಂದಿನ ತಿಂಗಳು," ಎಂದಳು ಅರಬಿಯಲ್ಲಿ. "ಹೋದ ಸಲ ಅವನು ಬರುವಾಗ ಗಾಯ ಮಾಸಿತ್ತು. ನಂಬದೆ ಗಂಡನ ಹತ್ತಿರ ವಾಪಸ್ ಕಳಿಸಿದ. ಈಗ ಗೆಳತಿಯ ಮನೆಯಲ್ಲಿದ್ದೇನೆ. ಫೋಟೋ ತೋರಿಸಿದರೆ ತಲಾಖ್ ಕೊಡಿಸಿಯಾನು. ಇನ್ನೊಮ್ಮೆ ಅಲ್ಲಿಗೆ ಹೋದರೆ ಹೊರಗೆ ಬರುವುದು ನನ್ನ ಹೆಣ."

ಅಷ್ಟು ಕೇಳಿಯೂ ಮಾಗ್ದಲಿನ್ ಮಾಡಿದ್ದೇನು? ಪಾಪ ಎನ್ನಿಸಿ, ಅದಕ್ಕಿಂತ ಹೆಚ್ಚಾಗಿ ಕೈಯ ಅಭ್ಯಾಸಕ್ಕೆ, ತೆಗೆದ ಫೋಟೋದ ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದಳು. ಸೀಳು ಮುಚ್ಚಿತು, ಬಾಸುಂಡೆ ಮಾಯವಾಯಿತು, ಮುಖ ಬೆಳ್ಳಗಾಯಿತು.

ಫೋಟೋ ಒಯ್ಯಲು ಬಂದ ಕುಲ್ಸುಮ್ ಅದನ್ನು ನೋಡಿ ಮೇಜಿನ ಮೇಲೆ ಎಸೆದಳು.

"ಇವಳು ಯಾರು? ಇವಳಿಗೆ ಯಾರೂ ಹೊಡೆದಿಲ್ಲ. ಇವಳು ನನ್ನಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳೂ ಅಲ್ಲ. ಗಂಡ ನನ್ನನ್ನು ಕರಿ ನಾಯಿ ಅಂತ ಬೈದೇ ಬಡಿಯುವುದು. ನೀನು ಆ ಕರಿಯನ್ನೇ ಒರೆಸಿಬಿಟ್ಟೆಯಲ್ಲ ತಂಗಿ."

ಮಾಗ್ದಲಿನ್‌ಗೆ ನಾಚಿಕೆಯಿಂದ ಸಾಯುವಂತಾಯಿತು. ಅವಳನ್ನು ಕೂರಿಸಿ ಡಾರ್ಕ್‌ರೂಮಿಗೆ ಹೋಗಿ, ಹತ್ತಿಗೆ ಟರ್ಪೆಂಟೈನ್ ಹಾಕಿ ನೆಗೆಟಿವನ್ನು ಒರೆಸಿದಳು. ಪೆನ್ಸಿಲ್ ಪೂರ್ತಿ ಎದ್ದುಹೋಯಿತು. ಹೊಸ ಪ್ರಿಂಟಿನಲ್ಲಿ ಕುಲ್ಸುಮ್ ಕರ್ರಗೆ, ಗಾಯದ ಸಮೇತ, ಇದ್ದಂತೆಯೇ ಬಂದಳು. ಅದನ್ನು ತೊಳೆದು ಎತ್ತುವಾಗ ವಾಲ್ಟರ್ ಒಳಗೆ ಬಂದ.

"ಎಂತ ಮಾರಾಯ್ತಿ ಇದು? ಇವಳ ಗಂಡ ಬಂದು ಗಲಾಟೆ ಮಾಡಿದರೆ ವೀಸಾ ಕೊಟ್ಟ ಕಫೀಲ್ ನನ್ನನ್ನು ಇಟ್ಟುಕೊಳ್ತಾನಾ? ಹರಿದು ಹಾಕು."

"ಇಲ್ಲ."

ಮದುವೆಯಾದಂದಿನಿಂದ ಅವಳು ಅವನಿಗೆ ಇಲ್ಲ ಎಂದದ್ದು ಅದೇ ಮೊದಲು. ವಾಲ್ಟರ್ ಜುಟ್ಟು ಹಿಡಿದು ಅವಳ ಹಣೆಯನ್ನು ಎನ್‌ಲಾರ್ಜರ್ ಯಂತ್ರದ ಕಂಬಕ್ಕೆ ಜಜ್ಜಿದ. ಮತ್ತೂ ಜಜ್ಜಿದ. ಹುಬ್ಬು ಒಡೆದು ರಕ್ತ ಬಾಯಿಗಿಳಿಯಿತು. ಈ ಪೆಟ್ಟೇನು ಅವಳಿಗೆ ಹೊಸತೇ? ಎಷ್ಟು ಸಲ ಪೌಡರ್ ಬಳಿದು ಮುಚ್ಚಿದ್ದಳೋ ದೇವರಿಗೇ ಗೊತ್ತು. ಪ್ರಿಂಟನ್ನು ಮಾತ್ರ ಎದೆಗೊತ್ತಿ ಹಿಡಿದಿದ್ದಳು, ಬಿಡಲಿಲ್ಲ.

ಸದ್ದು ಕೇಳಿದ ಕುಲ್ಸುಮ್ ಮುಸುಕು ಎಳೆದುಕೊಂಡು ನುಗ್ಗಿ, ಮೂಲೆಯಲ್ಲಿದ್ದ ಕ್ಯಾಮೆರಾದ ಖಾಲಿ ಸ್ಟ್ಯಾಂಡನ್ನು ವಾಲ್ಟರನ ಮೊಣಕೈಗೆ ಬೀಸಿದಳು. ಅವನು ಅಯ್ಯೋ ಎಂದು ಕೈ ಬಿಟ್ಟ. ಊರಿನ ಹೆಂಗಸು ಒಮ್ಮೆ ಕೂಗಿದರೆ ಆ ದೇಶದಲ್ಲಿರಲು ತನಗಿದ್ದ ಪರವಾನಗಿ, ಇಕಾಮಾ, ಹೋಯಿತೆಂದು ಆ ಪರಾಕ್ರಮಿಗೆ ಗೊತ್ತಿತ್ತು. ಬಾಯಿಮುಚ್ಚಿ ಬೀದಿಗೆ ನಡೆದ.

ಮಾಗ್ದಲಿನ್ ಪ್ರಿಂಟನ್ನು ಕುಲ್ಸುಮಳ ಕೈಗಿಟ್ಟಳು. ಕುಲ್ಸುಮ್ ಮುಸುಕಿನ ತುದಿಯಿಂದ ಅವಳ ರಕ್ತ ಒರೆಸಲು ಹೋದಳು.

"ಒರೆಸಬೇಡ," ಎಂದಳು ಮಾಗ್ದಲಿನ್. ಕ್ಯಾಮೆರಾವನ್ನು ಸರಿಮಾಡಿ, ದೀಪ ಹಾಕಿ, ಗಿರಾಕಿಗಳ ಸ್ಟೂಲಿನಲ್ಲಿ ತಾನೇ ಕೂತಳು. "ಮಂಗಳೂರಿನಲ್ಲಿ ನನ್ನ ತವರಿನವರಿಗೆ ಇದು ಗೊತ್ತಿಲ್ಲ. ಗೊತ್ತಾಗಲಿ. ಆ ಗುಂಡಿ ಒತ್ತು."